ಖಾಲಿ ಗಾಡಿಯ ತೂಕ

ರಾತ್ರಿ ಪಾಳಿ. ಗೇಟಿನಾಚೆ ಮೈಲುದ್ದ ಕಬ್ಬಿನ ಗಾಡಿ,
ನೊಗ ಇಳಿಸಿದ ಎತ್ತುಗಳ ಬಿಸಿ ಉಸಿರು, ಅಲ್ಲಲ್ಲಿ ಬೀಡಿ.
ನಾನು ಗಾಜಿನ ಗೂಡಿನಲ್ಲಿ. ಹತ್ತೊಂಬತ್ತು ವರ್ಷದಿಂದ
ಇದೇ ಸ್ಟೂಲು, ಇದೇ ಕೆಂಪು ಅಂಕಿ.
ತುಂಬಿದ ತೂಕ ಬರಕೊ, ಖಾಲಿ ತೂಕ ಕಳಿ,
ಸೋಗೆಗಿಷ್ಟು, ಕಟ್ಟಿದ ಹುರಿಗಿಷ್ಟು ಅಂತ ಮುರಿ,
ಉಳಿದದ್ದು ಕಬ್ಬು.

"ಮಿಷನ್ ಸರಿಯಾಗದಾ ಅಣ್ಣೋ?" ಅಂತ ಕೇಳದವನಿಲ್ಲ.
"ಮಿಷನ್ ಸುಳ್ಳು ಯೋಳಕಿಲ್ಲ ಕಣಪ್ಪ" ಅಂತ
ನಾನು ಹೇಳದ ದಿನವಿಲ್ಲ.

ಈ ರಾತ್ರಿ ಚೀಟಿಯ ಹಿಂದುಗಡೆ ಬೇರೆ ಲೆಕ್ಕ.
ಮೋನಿಷಾಳ ರ‍್ಯಾಂಕು, ದನದ ಡಾಕ್ಟರ ಓದಿಗೆ,
ಎರಡು ಸಾವಿರದ ನಾನೂರ ಹದಿನೆಂಟು.
ಹೋದ ವರ್ಷ ನಮ್ಮ ಕೆಟಗರಿಯ ಕೊನೇ ಸೀಟು
ಎರಡು ಸಾವಿರದ ನೂರರ ಆಸುಪಾಸಿಗೆ ನಿಂತಿತಂತೆ.
ಮುನ್ನೂರು ಚಿಲ್ಲರೆ ಮಕ್ಕಳು ದಾರಿ ಬಿಡಬೇಕು.
ಮೆಡಿಕಲ್ ಸಿಕ್ಕಿ ಹೋಗಲಿ ಕೆಲವರು,
ಸೆಗಣಿ ವಾಸನೆಗೆ ಹೇಸಲಿ ಕೆಲವರು,
ಹಾಸನ ದೂರವಾಯಿತು ಅಂತ ಯಾರದೋ ಮನೆ ಅಜ್ಜಿ
ಊಟ ಬಿಟ್ಟು ಅಳಲಿ...
ತಪ್ಪನ್ನಿಸಿ ಅಜ್ಜಿಯನ್ನು ಹೊಡೆದುಹಾಕುತ್ತೇನೆ.

ಗ್ರಾಮೀಣದ ಕಾಲಮ್ಮಿನಲ್ಲಿ ಮಾತ್ರ ಎರಡು ಸಾವಿರದ ಒಂಬೈನೂರು.
ಅದಿದ್ದಿದ್ದರೆ ಈ ಲೆಕ್ಕವೇ ಬೇಕಿರಲಿಲ್ಲ.

ಕೀಲಾರದ ಸರ್ಕಾರಿ ಶಾಲೆಯಲ್ಲಿ ಏಳು ವರ್ಷ ಓದಿದಳು.
ಎಂಟಕ್ಕೆ ಟೌನಿಗೆ ಹಾಕಿದವನು ನಾನು.
ಟೈ, ಬೆಲ್ಟು, ವ್ಯಾನಿನ ಬಾಡಿಗೆಗೆ ಓಟಿ ಮಾಡಿ
ಮಗಳ ತೂಕ ಹೆಚ್ಚಿಸಿದೆ ಅಂತ ಹಿಗ್ಗಿದವನೂ ನಾನೇ.
ದಾಖಲೆ ನೋಡುವ ಮೇಜಿನಾಚೆಯ ಹೆಂಗಸು
ಬಿಇಓ ಸಹಿಯ ಹಾಳೆಯನ್ನು ಎರಡು ಸಲ ತಿರುವಿ
"ಒಂದರಿಂದ ಹತ್ತು ಹಳ್ಳೀಲೇ ಓದಿರ್ಬೇಕು ಸಾರ್,
ಏಳಕ್ಕೆ ಬರಲ್ಲ" ಅಂದರು,
ಕೋಪವಿಲ್ಲ, ಕನಿಕರವೂ ಇಲ್ಲ,
ನಾನು ಸೋಗೆ ಮುರಿಯುವ ಹಾಗೆ.
ಮೋನಿಷಾ ಫೈಲಿನ ದಾರ ಕಟ್ಟಿದಳು.
"ಬಾಪ್ಪ, ಬಸ್ಸಿಗೆ ಹೊತ್ತಾಯ್ತು."
ದಾರಿಯುದ್ದಕ್ಕೂ ಟಿಕೆಟ್ಟನ್ನು ಮಡಚಿ ಮಡಚಿ
ಹುರುಳಿಕಾಳಿನಷ್ಟು ಮಾಡಿದೆ.

ಅವಳವ್ವನಿಗೆ ವಿ.ಸಿ. ಫಾರಂ ಸಾಕು.
"ಅಗ್ರಿ ಓದ್ಲಿ ಬುಡಿ, ಸಂಜೆಗೆ ಮನೆಗೆ ಬತ್ತಾಳೆ."
ನನಗೂ ಒಳಗೊಳಗೇ ಅದೇ. ಸಿಗೋದನ್ನ ಮೊದಲು ಹಾಕವ್ವ ಅಂದೆ.
ಸೈಬರ್ ಅಂಗಡಿಯ ಕುರ್ಚಿಯಲ್ಲಿ ಅರ್ಧ ತಿರುಗಿ ಅಂದಳು:
"ಮೇಲಿಂದ ನೋಡ್ಕೊಂಡು ಬತ್ತಾರೆ ಕಣಪ್ಪ.
ಹೆದರ್ಕೊಂಡು ಕೆಳಗಿನದ್ದ ಮೇಲೆ ಹಾಕುದ್ರೆ
ಮೇಲಿನದ್ದ ನಾವೇ ಬ್ಯಾಡ ಅಂದಂಗೆ."
ಈ ಮಾತು ಕಲಿಸಿದ್ದು ಯಾವ ಶಾಲೆ?
ಟೌನಿನದೋ, ಕೀಲಾರದ್ದೋ?
ಅದಕ್ಕೊಂದು ಕಾಲಮ್ಮಿಲ್ಲ.

ನಾಕು ಗಂಟೆ. ಒಂದು ಎತ್ತು ಕುಂಟುತ್ತಾ ಬಂತು.
ಅವಳಿದ್ದಿದ್ದರೆ ಇಷ್ಟು ಹೊತ್ತಿಗೆ ಕಾಲೆತ್ತಿ
ಲಾಳದ ಸಂದಿ ನೋಡುತ್ತಿದ್ದಳು.
ಆರು ವರ್ಷದವಳಿದ್ದಾಗ, ಅವ್ವನ ಜೊತೆ ಬುತ್ತಿ ತಂದವಳು
ಹೀಗೇ ಎತ್ತಿನ ಬುಡದಲ್ಲಿ ಕುಕ್ಕರಿಸಿದ್ದಳು.
ಎಳೆತಂದು, ತಮಾಷೆಗೆ, ತೂಕದ ಹಲಗೆಯ ಮೇಲೆ ನಿಲ್ಲಿಸಿದೆ.
ಇಪ್ಪತ್ತಿಪ್ಪತ್ತರ ಲೆಕ್ಕದಲ್ಲಷ್ಟೇ ಎಣಿಸಬಲ್ಲ ಮಿಷನ್ನು
ಹದಿನೇಳು ಕೆಜಿಯ ಹುಡುಗಿಗೆ ಇಪ್ಪತ್ತು ತೋರಿಸಿತು.
"ಮೂರು ಕೆಜಿ ಜಾಸ್ತಿ ಕೊಟ್ಟದೆ" ಅಂತ ಬೀದಿಯೆಲ್ಲ ಸಾರಿದಳು.

ನಾಳೆ ಹನ್ನೊಂದಕ್ಕೆ ಮಾಕ್ ಅಲಾಟ್ಮೆಂಟು.

"ಅಣ್ಣೋ, ಚೀಟಿ" ಅಂತ ಕುಂಟೆತ್ತಿನವನು ಕೈ ಚಾಚಿದ.
ಅಂಕಿ ಬರೆದು, ಸಹಿ ಹಾಕಿ, ಕೊಟ್ಟೆ.
ಹಿಂದುಗಡೆ ಮಗಳ ಲೆಕ್ಕವಿದ್ದದ್ದು
ಗಾಡಿ ಕಬ್ಬಿನಂಗಳದ ಕತ್ತಲಿಗೆ ಹೊರಳಿದ ಮೇಲೆ ನೆನಪಾಯಿತು.
ಇರಲಿ.
ಖಾಲಿ ತೂಕಕ್ಕೆ ಅವನು ಮತ್ತೆ ಇಲ್ಲಿಗೇ ಬರಬೇಕು,
ಬೆಳಗಾಗುವುದರೊಳಗೆ.